ಬೆಚ್ಚಗಿನ ಕೋಣೆ

ಹೊಸೂರಿನ ಡಾಕ್ಟರ ಬೆಂಚಿನ ಮೇಲೆ ಕೂತುಕೊಳ್ಳುವ ಹೊತ್ತಿಗೆ ಮುತ್ತರಾಯಪ್ಪನ ತಲೆನೋವು ಹೋಗಿಬಿಟ್ಟಿತ್ತು. ಹೋದ ಸಲವೂ ಹೀಗೇ ಆಗಿತ್ತು. ಬೆಳಗ್ಗೆ ಎದ್ದಾಗ ತಲೆಯನ್ನು ಹಗ್ಗ ಸುತ್ತಿ ಬಿಗಿದ ಹಾಗೆ ಹಿಡಿದಿದ್ದ ನೋವು, ಮುಖ ತೊಳೆಯಲು ಬಗ್ಗಿದರೆ ಕಣ್ಣಿನ ಹಿಂದಿನಿಂದ ಗುದ್ದುತ್ತಿದ್ದ ನೋವು, ಮತ್ತಿಗಿರಿಯವರೆಗೆ ನಡೆದು ಬರುವಷ್ಟರಲ್ಲಿ ಸಡಿಲವಾಗಿ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಎಲ್ಲಿದೆ ಎಂದು ಹುಡುಕಬೇಕಾಗಿ, ಈಗ ಈ ಔಷಧಿಯ ವಾಸನೆಯ ನಡುವೆ ಪೂರ್ತಿ ಇಲ್ಲವಾಗಿತ್ತು. ಅವನಿಗೆ ನಾಚಿಕೆಯಾಯಿತು. ನೋವಿಲ್ಲದವನು ಡಾಕ್ಟರ ಮುಂದೆ ಕೂತು ಏನು ಹೇಳಬೇಕು? ಪಕ್ಕದಲ್ಲಿದ್ದ ಮುದುಕ ಪ್ರಾಮಾಣಿಕವಾಗಿ ಕೆಮ್ಮುತ್ತಿದ್ದ. ಎದುರಿನ ಹೆಂಗಸಿನ ಕಾಲಿನ ಹುಣ್ಣು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ತಾನೊಬ್ಬನೇ ಸುಳ್ಳು ಸಾಕ್ಷಿ ಹೇಳಲು ಬಂದವನ ಹಾಗೆ ಕೂತಿದ್ದೇನೆ ಅನ್ನಿಸಿ ಹಣೆಯನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಂಡ. ಒಂಚೂರಾದರೂ ಉಳಿದಿದ್ದರೆ ಮಾನ ಉಳಿಯುತ್ತಿತ್ತು.

ಬೆಂಚಿನ ಆ ತುದಿಯಲ್ಲಿ ಬಾಗಲೂರಿನ ಪಾಪಯ್ಯನಿದ್ದ. ರೇಷ್ಮೆಗೂಡು ಕೊಂಡು ಮಾರುವವನು. ಯಾವ ಊರಿನಲ್ಲಿ ಯಾರ ಮನೆಯ ಹುಳ ಎಷ್ಟು ಬೆಳೆದಿದೆ ಎಂದು ಮೂಗಿನಲ್ಲೇ ಕಂಡುಹಿಡಿಯುವ ಆಸಾಮಿ. ಹಲ್ಲುನೋವಿಗೆ ದವಡೆಗೆ ಬಟ್ಟೆ ಕಟ್ಟಿಕೊಂಡಿದ್ದರೂ ಮಾತು ನಿಂತಿರಲಿಲ್ಲ.

“ಏನ್ ಮುತ್ತರಾಯಪ್ಪ, ಈ ಚಳೀಲೂ ಹುಳ ಮೇಯಿಸ್ತಾ ಇದ್ದೀಯಾ?”

“ಇಲ್ಲಣ್ಣ. ಈ ಸಲ ಬುಟ್ಬುಟ್ಟೆ.”

“ಬುಡಬಾರ್ದಾಗಿತ್ತು. ಯುದ್ಧದೋರು ನಮ್ ರೇಸ್ಮೇಲಿ ಕೊಡೆ ಮಾಡ್ಕಂಡು ಇಮಾನದಿಂದ ಧುಮುಕ್ತಾರಂತೆ. ಎಷ್ಟ್ ಕೊಟ್ರೂ ಸಾಲ್ದಂತೆ.”

ಮನೆಯಲ್ಲಿ ಹುಳವಿದ್ದೂ ಇಲ್ಲ ಎಂದದ್ದಕ್ಕೆ ಮುತ್ತರಾಯಪ್ಪನ ಮನಸ್ಸಿಗೆ ಏನೂ ಚುಚ್ಚಲಿಲ್ಲ. ಅದು ಸುಳ್ಳಲ್ಲ, ನಡವಳಿಕೆ. ಹುಳ ತಟ್ಟೆಯ ಮೇಲಿರುವಾಗ ಇದೆ ಎಂದು ಹೊರಗಿನವರ ಮುಂದೆ ಒಪ್ಪಿಕೊಳ್ಳುವವರು ಅವನ ಕಡೆ ಯಾರೂ ಇಲ್ಲ. ಹುಳದ ಮನೆಯ ಹೊಸ್ತಿಲನ್ನು ಹೊರಗಿನವರು ದಾಟುವುದಿಲ್ಲ, ಮುಟ್ಟಾದವರು ದಾಟುವುದಿಲ್ಲ, ಮನೆಯವರೂ ಕೈಕಾಲು ತೊಳೆಯದೆ ದಾಟುವುದಿಲ್ಲ. ಗೂಡು ಬಿಡಿಸಿ ಬುಟ್ಟಿಗೆ ತುಂಬುವವರೆಗೆ ಆ ಮಾತೇ ಬಾಯಿಗೆ ಬರಬಾರದು. ಬಂದರೆ ಯಾರ ಕಣ್ಣು ಹೇಗೋ. ಈಗ ಅವನ ಮನೆಯಲ್ಲಿ ಹುಳಗಳು ನಾಲ್ಕನೇ ಜ್ವರ ಎದ್ದಿದ್ದವು. ಹುಳ ಪೊರೆ ಬಿಡುವುದಕ್ಕೆ ಅಲ್ಲಿಯ ಜನ ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ಎದ್ದ ಹುಳ ಬೆರಳಿನಷ್ಟು ಬೆಳೆದು, ಹಗಲು ರಾತ್ರಿ ಸೊಪ್ಪು ಮೇದು, ಹಣ್ಣಾಗಿ, ಗೂಡು ಕಟ್ಟಲು ಮೇಲೇರುತ್ತದೆ. ಆ ಮೇಯುವ ಸದ್ದಿನಲ್ಲೇ ಅವನು ಮಲಗಿ ಏಳುತ್ತಿದ್ದ. ಸಣ್ಣಗೆ ಮಳೆ ಹನಿಯುವ ಹಾಗೆ, ಎಡೆಬಿಡದೆ, ತನ್ನ ತಲೆಯ ಒಳಗೇ ಏನನ್ನೋ ಮೇಯುತ್ತಿವೆಯೇನೋ ಅನ್ನಿಸುವ ಹಾಗೆ.

ಡಾಕ್ಟರು ಸೇಲಂ ಕಡೆಯವರು. ಇಲ್ಲಿಗೆ ಬಂದಮೇಲೆ ಕಲಿತ ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುತ್ತಿದ್ದರು. ಅವನ ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನಾಲಿಗೆ ನೋಡಿದರು, ಹಲ್ಲನ್ನು ಸಣ್ಣ ಕಡ್ಡಿಯಿಂದ ತಟ್ಟಿದರು, ಕಿವಿಯ ಹಿಂದೆ ಒತ್ತಿದರು. ಎಲ್ಲಿ ಒತ್ತಿದರೂ ಮುತ್ತರಾಯಪ್ಪ ಇಲ್ಲ ಎಂದು ತಲೆಯಾಡಿಸಬೇಕಾಯಿತು.

“ಇಪ್ಪೊ ವಲಿ ಇದೆಯಾ? ಈಗ ನೋವು?”

“ಈಗಿಲ್ಲ ಸ್ವಾಮಿ.”

“ಹೋದ ಸಾರಿನೂ ಈಗಿಲ್ಲ ಅಂದ್ರಿ.”

ಹಿಂದೆ ಬೆಂಚಿನ ಮೇಲೆ ಯಾರೋ ನಕ್ಕರು. ಪಾಪಯ್ಯನೇ ಇರಬೇಕು, ದವಡೆಗೆ ಕಟ್ಟಿದ ಬಟ್ಟೆಯೊಳಗಿಂದ ಬಂದ ನಗು. ಮುತ್ತರಾಯಪ್ಪನ ಕಿವಿ ಬಿಸಿಯಾದವು. ನೋವು ಬರುವುದು ಬೆಳಗ್ಗೆ, ಎದ್ದ ಕೂಡಲೇ, ಜೊತೆಗೆ ವಾಕರಿಕೆ, ಮೊಣಕಾಲಿನಲ್ಲಿ ಶಕ್ತಿಯೇ ಇರುವುದಿಲ್ಲ, ಹೊರಗೆ ಬಂದು ತಿರುಗಾಡಿದರೆ ಮೆಲ್ಲಗೆ ಹೋಗುತ್ತದೆ, ಮನೆಯಲ್ಲಿ ಬೇರೆ ಯಾರಿಗೂ ಇಲ್ಲ, ತನಗೊಬ್ಬನಿಗೇ, ಎಂದು ಪಾಠ ಒಪ್ಪಿಸುವವನ ಹಾಗೆ ಹೇಳಿದ. ಡಾಕ್ಟರು ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿದರು.

“ಬಾಗಿಲು ಮುಚ್ಚಿದ ರೂಮಲ್ಲಿ ಇದ್ದಲು ಹಾಕ್ಕೊಂಡು ಮಲಗ್ತೀರಾ? ಅಗ್ಗಿಷ್ಟಿಕೆ, ಕರಿ ಅಡುಪ್ಪು, ಅಂಥದ್ದು?”

ಮುತ್ತರಾಯಪ್ಪ ಹೆಗಲ ಮೇಲಿನ ಟವಲು ಸರಿಮಾಡಿಕೊಂಡ.

“ಯಾಕೆ ಕೇಳ್ತೀನಿ ಅಂದರೆ, ಇದ್ದಲಲ್ಲಿ ಓಡೋ ಬಸ್ಸಿನ ಕ್ಲೀನರ್ ಒಬ್ಬ ಇದೇ ತಲೆನೋವು ಅಂತ ಬರ್ತಾ ಇದ್ದ. ಚಳಿಗೆ ಷೆಡ್ಡಿನ ಬಾಗಿಲು ಹಾಕಿ ಬಸ್ಸಿನ ಇದ್ದಲು ಉರಿಯೋ ಡ್ರಮ್ಮಿನ ಪಕ್ಕದಲ್ಲೇ ಮಲಗ್ತಿದ್ದ. ಅದರ ವಿಷ ಕಣ್ಣಿಗೆ ಕಾಣಲ್ಲ, ಮೂಗಿಗೂ ತಿಳಿಯಲ್ಲ. ನೇರ ರಕ್ತಕ್ಕೆ ಸೇರುತ್ತೆ.”

“ಈಗ ಹೆಂಗವ್ನೆ ಸ್ವಾಮಿ?”

“ಇಲ್ಲ. ಅವನು ಇಲ್ಲ.”

ಹಿಂದೆ ಬೆಂಚು ಕಿರುಗುಟ್ಟಿತು. ಪಾಪಯ್ಯ ಮುಂದಕ್ಕೆ ಬಾಗಿದ್ದಾನೆ, ಕೇಳಿಸಿಕೊಳ್ಳುತ್ತಿದ್ದಾನೆ ಎಂದು ತಿರುಗಿ ನೋಡದೆಯೇ ಗೊತ್ತಾಯಿತು. ಚಳಿಗಾಲದಲ್ಲಿ ಕೋಣೆ ಮುಚ್ಚಿ ಇದ್ದಲು ಉರಿಸುವವನು ಯಾಕೆ ಉರಿಸುತ್ತಾನೆಂದು ಪಾಪಯ್ಯನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಈಗಷ್ಟೇ ಹುಳ ಇಲ್ಲ ಎಂದದ್ದನ್ನು ಇದೇ ಬಾಯಿಂದ ನುಂಗಿಕೊಳ್ಳುವುದು ಹೇಗೆ?

“ನಮ್ಮನೇಲಿ ಅಂಥದ್ದೇನಿಲ್ಲ ಸ್ವಾಮಿ. ಗಾಳಿ ಆಡೋ ಮನೆ.”

ಡಾಕ್ಟರು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಪೆನ್ನಿಗೆ ಮುಚ್ಚಳ ಹಾಕಿದರು. “ಹಾಗಾದರೆ ಮನಸ್ಸಲ್ಲಿ ಏನೋ ಇದೆ. ಕವಲೈ. ಚಿಂತೆ. ಒಳಗೆ ಕೂತು ಅರೀತಾ ಇದೆ. ಅದಕ್ಕೆ ನನ್ನ ಹತ್ತಿರ ಮದ್ದಿಲ್ಲ, ನೀವೇ ನೋಡ್ಕೋಬೇಕು,” ಎಂದು ಸಮಾಧಾನಕ್ಕೆ ಕೆಲವು ಪುಡಿ ಪೊಟ್ಟಣ ಕೊಟ್ಟು ಕಳಿಸಿದರು.

ವಾಪಸ್ ಬರುವಾಗ ಬಸ್ಸು ಏರು ಹತ್ತಲಾರದೆ ನಿಂತಿತು. ಪೆಟ್ರೋಲಿಲ್ಲದ ಕಾಲ, ಬಸ್ಸಿನ ಬೆನ್ನಿಗೆ ಕಟ್ಟಿದ ಡ್ರಮ್ಮಿನಲ್ಲಿ ಇದ್ದಲು ಉರಿಸಿ, ಅದರ ಗ್ಯಾಸಿನಲ್ಲಿ ಓಡಿಸಬೇಕು. ಕ್ಲೀನರ್ ಇಳಿದು ಕೆಂಡಕ್ಕೆ ಗಾಳಿ ಊದುವ ಚಕ್ರ ತಿರುಗಿಸುತ್ತಿದ್ದ. ಮುಖವೆಲ್ಲ ಮಸಿ. ಮುತ್ತರಾಯಪ್ಪ ಅವನನ್ನು ನೋಡುತ್ತ ಕೂತ, ಆದರೆ ಡಾಕ್ಟರು ಹೇಳಿದ ಆ ಇನ್ನೊಬ್ಬ ಕ್ಲೀನರ್ ಅವನ ನೆನಪಿಗೆ ಬರಲಿಲ್ಲ. ತಾನೇ ಇಲ್ಲ ಎಂದು ಹೇಳಿದ್ದು ಮನಸ್ಸಿನಲ್ಲೂ ಇಲ್ಲವಾಗಿಬಿಟ್ಟಿತ್ತು. ಅವನನ್ನು ಹಿಡಿದುಕೊಂಡದ್ದು ಎರಡನೆಯ ಮಾತು. ಒಳಗೆ ಕೂತು ಅರೆಯುತ್ತಿದೆ. ಹೌದು, ಕೂತಿದೆ, ಕೂತಿರುವುದು ಯಾರು ಎಂದೂ ಅವನಿಗೆ ಗೊತ್ತು. ದೀಪಾವಳಿ ಆದಮೇಲಿನ ಬೆಳೆಯಲ್ಲಿ ಹೆಂಡತಿ ಆದಿಲಕ್ಷ್ಮಮ್ಮ ಮುಟ್ಟಾಗಿ ಹೊರಗಿದ್ದಾಗ, ಸೊಪ್ಪು ಹಾಕುವವರಿಲ್ಲದೆ ಹುಳ ಹಸಿದಾವು ಎಂದು ಅಕ್ಕ ಅಂಜಿನಮ್ಮ ಬುಟ್ಟಿ ಹೊತ್ತು ಒಳಗೆ ಹೋಗಿದ್ದಳು. ಗಂಡನನ್ನು ಕಳೆದುಕೊಂಡು, ಗಂಡನ ಮನೆಯವರಿಗೂ ಬೇಡವಾಗಿ, ತಮ್ಮನ ಮನೆಗೆ ಬಂದು ಸೇರಿದವಳು. ಅವಳು ಒಳಗೆ ಹೋದ ಮಾರನೆಯ ವಾರ ಹುಳಗಳೆಲ್ಲ ಸುಣ್ಣದ ಕಡ್ಡಿಗಳ ಹಾಗೆ ಬೆಳ್ಳಗೆ ಬಿರುಸಾಗಿ ಸತ್ತವು. ಅವನು ಅಂಗಳದಲ್ಲಿ ನಿಂತು, ಬೀದಿಯವರೆಲ್ಲ ಕೇಳುವ ಹಾಗೆ, ನೀನು ಕಾಲಿಟ್ಟ ಮನೆ ಒಂದಾದರೂ ಉಳಿದಿದೆಯಾ ಎಂದು ಕೇಳಿದ್ದ. ಅಕ್ಕ ಚಾಪೆ ಸುತ್ತಿಕೊಂಡು ಹೋಗಿ ದನದ ಕೊಟ್ಟಿಗೆಯ ಪಕ್ಕದ ಚಾವಡಿಯಲ್ಲಿ ಹಾಸಿಕೊಂಡಳು. ಹೋಗು ಎಂದು ಅವನು ಹೇಳಿರಲಿಲ್ಲ. ಬೇಡ, ಬಾ ಎಂದೂ ಹೇಳಲಿಲ್ಲ. ಅದೇ ವಾರ ಅವನು ಹುಳದ ಮನೆಯ ಕಿಟಕಿಗೆ ಮಣ್ಣಿನ ಇಟ್ಟಿಗೆ ಇಟ್ಟು ಮೆತ್ತಿಸಿದ, ಬಾಗಿಲಿಗೆ ಗೋಣಿತಾಟಿನ ಪರದೆ ಹೊಡೆದ, ಸಂದಿಗೊಂದಿಗೆಲ್ಲ ಸೆಗಣಿ ಬಳಿದ, ಅಗ್ಗಿಷ್ಟಿಕೆ ತಂದಿಟ್ಟ, ಹೊಸ ಹುಳ ಚಳಿಗೆ ಸಿಗಬಾರದೆಂದು ತಾನೇ ಒಳಗೆ ಮಲಗತೊಡಗಿದ. ತಲೆನೋವು ಶುರುವಾದದ್ದು ಆಗಲೇ. ಆ ಮಾತು ಆಡಿದ ಮೇಲೆ. ಬಸ್ಸು ಮತ್ತೆ ಹೊರಟಾಗ ಅವನಿಗೆ ಎಲ್ಲವೂ ಸರಿಯಾಗಿ ಕೂಡಿಬಂದ ಹಾಗೆ ಕಂಡಿತು. ತನ್ನ ನೋವಿಗೆ ಇಷ್ಟು ದೊಡ್ಡ ಕಾರಣವಿದೆಯಲ್ಲ ಎಂದು, ದುಃಖದ ನಡುವೆಯೇ, ಒಂದು ಬಗೆಯ ಹೆಮ್ಮೆಯೂ ಆಯಿತು.

ಮತ್ತಿಗಿರಿಯಲ್ಲಿ ಇಳಿದು ಊರಿನ ಕಡೆ ನಡೆಯುವಾಗ ಸಾನಮಾವಿನ ಕಾಡಿನಿಂದ ಇದ್ದಲು ಹೇರಿಕೊಂಡು ಬಂದ ಗಾಡಿಯೊಂದು ಎದುರಾಯಿತು. ಒಳ್ಳೆಯ ಇದ್ದಲು, ತಟ್ಟಿದರೆ ಕಂಚಿನ ಸದ್ದು ಕೊಡುವಂಥದ್ದು. ನಿಲ್ಲಿಸಿ ಒಂದು ಮೂಟೆ ತೆಗೆದುಕೊಂಡ. ತಾಯಿ ಸತ್ತ ಚಳಿಗಾಲದಲ್ಲಿ ಅಕ್ಕ ತನ್ನನ್ನು ಸೆರಗಿನೊಳಗೆ ಸುತ್ತಿಕೊಂಡು ಮಲಗುತ್ತಿದ್ದದ್ದು, ಅವಳ ಸೀರೆಯ ಒಲೆಹೊಗೆಯ ವಾಸನೆ, ಕತ್ತಲಲ್ಲಿ ಅವಳ ಬೆರಳು ತನ್ನ ತಲೆಯಲ್ಲಿ ಆಡುತ್ತಿದ್ದದ್ದು ನೆನಪಾಗಿ ಮೂಟೆ ಹೊತ್ತ ಹೆಗಲು ನೋಯುವುದೇ ತಿಳಿಯಲಿಲ್ಲ. ಆ ಬೆರಳಿಗೆ ಈಗ ಚಳಿಯಲ್ಲಿ ಬಿರುಕು ಬಿಟ್ಟಿದೆ. ರಾತ್ರಿ ಅವಳು ಚಾವಡಿಯಲ್ಲಿ ಕೆಮ್ಮುವುದು ಬೆಚ್ಚಗೆ ಮಲಗಿರುವ ತನಗೆ ಗೋಡೆಯಾಚೆಯಿಂದ ಕೇಳಿಸುತ್ತದೆ. ಕೇಳಿಸಿದಾಗಲೆಲ್ಲ ಅವನು ಮಗ್ಗುಲು ಬದಲಿಸಿ, ಹುಳದ ಸದ್ದಿಗೆ ಕಿವಿ ಕೊಡುತ್ತಿದ್ದ.

ಅಂಜಿನಮ್ಮ ಬಿಸಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಮೂಟೆ ಇಳಿಸಿ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತ.

“ಅಕ್ಕ, ಇವತ್ತಿಂದ ನೀನು ಹುಳದ ಮನೇಲಿ ಮನೀಕ. ನಾನು ಈ ಚಾವಡೀಲಿ ಇರ್ತೀನಿ.”

“ಯಾಕ್ಲಾ? ತಲೆ ಕೆಟ್ಟದಾ?”

“ಕೆಟ್ಟಿಲ್ಲ, ನೋಯ್ತಾ ಅದೆ. ನಿಂಗೆ ಅವತ್ತು ಅಂದಿದ್ದೇ ತಲೇಲಿ ಕುಂತದೆ. ಡಾಕ್ಟ್ರೂ ಅದ್ನೇ ಯೋಳುದ್ರು. ತಪ್ಪಾಯ್ತು ಕಣಕ್ಕ.”

ಅವಳು ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ. “ತಲೆ ನೋಯ್ದೆ ಇದ್ದಿದ್ರೆ ಬತ್ತಿದ್ದೇನ್ಲಾ ನೀನು?”

ಅವಳು ಸಿಟ್ಟಿನಿಂದ ಕೇಳಿರಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದ್ದಳು. ಅದು ಇನ್ನೂ ಕೆಟ್ಟದಾಗಿತ್ತು. ನೆಲ ನೋಡುತ್ತ ಕೂತವನ ಮುಂದೆ ಸಿಪ್ಪೆಗಳು ಬೀಳುತ್ತಲೇ ಇದ್ದವು. ಮೊರದ ಕಾಯಿ ಅರ್ಧ ಮುಗಿದ ಮೇಲೆ, ಬೇರೆ ಯಾರೋ ಕೇಳಿದ ಹಾಗೆ ಸಣ್ಣ ದನಿಯಲ್ಲಿ ಕೇಳಿದಳು:

“ಹುಳ ಯಾವ ಜ್ವರದಾಗವೆ?”

“ನಾಕೂ ಎದ್ದವೆ. ನಾಳೆ ನಾಳಿದ್ರಲ್ಲಿ ಹಣ್ಣಾಯ್ತವೆ.”

ಅವಳು ಮೊರ ಪಕ್ಕಕ್ಕಿಟ್ಟು ಎದ್ದಳು. ಬಾನಿಯ ಹತ್ತಿರ ಹೋಗಿ ಕೈಕಾಲು ತೊಳೆದಳು, ಮೊಣಕೈವರೆಗೆ ತೊಳೆದಳು, ಮತ್ತೆ ಮೊದಲಿನಿಂದ ತೊಳೆದಳು. ಹೊಸ್ತಿಲ ಮುಂದೆ ನಿಂತು ಅವನನ್ನು ಒಮ್ಮೆ ತಿರುಗಿ ನೋಡಿದಳು, ಯಾವ ಕಾಲು ಮೊದಲು ಇಡಲಿ ಎಂದು ಕೇಳುವವಳ ಹಾಗೆ.

ಅಡುಗೆಮನೆಯಲ್ಲಿ ಆದಿಲಕ್ಷ್ಮಮ್ಮ ಅವನನ್ನು ತಡೆದಳು. “ಹೋದ್ ಸಲ ಆಗಿದ್ದು ಸಾಲ್ದಾ? ಹಣ್ಣಾಗೋ ಹೊತ್ನಾಗೆ ತಂದು ಕೂರಿಸ್ತಾ ಇದ್ದೀಯಲ್ಲ. ಹುಳ ಹೋದ್ರೆ ನನ್ನ ಕೇಳ್ಬೇಡ.” ಅವಳು ಹೇಳುವುದರಲ್ಲಿ ತಪ್ಪಿದೆ ಎನ್ನಲು ಅವನಿಗೂ ಪೂರ್ತಿ ಧೈರ್ಯವಿರಲಿಲ್ಲ. ಹೋದರೆ ಹೋಗಲಿ ಎಂದು ಹೇಳಿಬಿಟ್ಟ. ಸಂಜೆಗೆ ಮುಂಚೆ ತಾನೇ ಕೂತು ಅಗ್ಗಿಷ್ಟಿಕೆ ತುಂಬಿದ. ದಿನ ತನಗೆ ಹಾಕಿಕೊಳ್ಳುತ್ತಿದ್ದುದಕ್ಕಿಂತ ಹೆಚ್ಚು ಹಾಕಿದ, ಅಕ್ಕನ ಮೂಳೆಯೊಳಗೆ ಸೇರಿದ ಚಳಿಯೆಲ್ಲ ಒಂದೇ ದಿನಕ್ಕೆ ಹೊರಟುಹೋಗಲಿ ಎಂದು. ಕೆಂಡ ಬೂದಿಗಟ್ಟಿ ಹೊಗೆಯೆಲ್ಲ ಹೋದಮೇಲೆ ಒಳಗೆ ತಂದು ಅವಳ ಚಾಪೆಗೆ ಹತ್ತಿರವಾಗಿ ಇಟ್ಟ. ಬಾಗಿಲಿಗೂ ಹೊಸ್ತಿಲಿಗೂ ನಡುವೆ ಗಾಳಿ ಬರುವ ಸಂದಿಯೊಂದು ಇನ್ನೂ ಉಳಿದಿತ್ತು. ಅದಕ್ಕೆ ಹಳೆಯ ಗೋಣಿ ಮಡಚಿ ತುರುಕಿದ. ಜೀವಮಾನದಲ್ಲಿ ಒಂದು ಒಳ್ಳೆಯ ಕೆಲಸವನ್ನು ಇಷ್ಟು ಅಚ್ಚುಕಟ್ಟಾಗಿ ಅವನು ಮಾಡಿರಲಿಲ್ಲ.

ಬೆಳಗ್ಗೆ ಚಾವಡಿಯಲ್ಲಿ ಎಚ್ಚರವಾದಾಗ ತನ್ನದಲ್ಲದ ಮೈಯೊಳಗೆ ಎದ್ದ ಹಾಗಿತ್ತು. ಕಂಬಳಿಯ ಮೇಲೆ ಮಂಜು ಹನಿಗಟ್ಟಿತ್ತು, ಮೂಗಿನ ತುದಿ ಮರಗಟ್ಟಿತ್ತು, ಸೊಂಟ ಹಿಡಿದಿತ್ತು. ಆದರೆ ತಲೆ? ಅವನು ಅಲುಗಾಡದೆ ಮಲಗಿ ಕಾದ. ನೋವು ಬರಲಿಲ್ಲ. ಎದ್ದು ಕೂತ, ಬಗ್ಗಿದ, ಬೇಕೆಂದೇ ತಲೆ ಕೊಡವಿದ. ಎಲ್ಲೂ ಇಲ್ಲ. ಹಸುಗಳು ಮೂಗಿನಿಂದ ಬಿಡುತ್ತಿದ್ದ ಹಬೆ, ಹುಲ್ಲಿನ ವಾಸನೆ, ದೂರದಲ್ಲಿ ಯಾರೋ ಏತ ಹೊಡೆಯುವ ಸದ್ದು, ಎಲ್ಲ ತೊಳೆದಿಟ್ಟ ಹಾಗೆ ಸ್ಪಷ್ಟವಾಗಿತ್ತು. ಕಣ್ಣಲ್ಲಿ ನೀರು ಬಂತು. ಕ್ಷಮೆ ಎಂದರೆ ಹೀಗೆ ಇಷ್ಟು ಬೇಗ, ಮೈಗೇ ಗೊತ್ತಾಗುವ ಹಾಗೆ ಸಿಗುತ್ತದೆಂದು ಅವನು ತಿಳಿದಿರಲಿಲ್ಲ. ಮೊದಲು ಅಕ್ಕನಿಗೆ ಹೇಳಬೇಕು. ಮಂಜಿನಲ್ಲಿ ಬರಿಗಾಲಲ್ಲೇ ಓಡಿ ಹೋಗಿ ಹುಳದ ಮನೆಯ ಬಾಗಿಲು ತಟ್ಟಿದ.

ಬಾಗಿಲು ತೆರೆಯಲು ತಡವಾಯಿತು. ತೆರೆದಾಗ ಒಳಗಿನ ಕಾವು ಅವನ ಮುಖಕ್ಕೆ ಹೊಡೆಯಿತು. ಅಂಜಿನಮ್ಮನ ಕಣ್ಣು ಕೆಂಪಗಿದ್ದವು, ಆದರೆ ಮುಖದಲ್ಲಿ ಎಷ್ಟೋ ವರ್ಷದಿಂದ ಅವನು ಕಾಣದಿದ್ದ ಕಳೆಯಿತ್ತು.

“ಹಣ್ಣಾಗ್ತಾ ಅವೆ ಕಣ್ಲಾ. ಬಾ, ನೋಡು.”

ಹೌದು, ತಟ್ಟೆಗಳಲ್ಲಿ ಹುಳಗಳು ಬಣ್ಣ ತಿರುಗಿದ್ದವು. ಒಂದೊಂದೇ ಹಳದಿಯಾಗಿ, ಒಳಗಿನ ಬೆಳಕು ಕಾಣುವ ಹಾಗೆ ತೆಳ್ಳಗಾಗಿ, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಒಂದಕ್ಕೂ ರೋಗವಿರಲಿಲ್ಲ. ಎರಡು ಹಗಲು ಈ ಕಾವು ಹೀಗೇ ಉಳಿದರೆ ಸಾಕು. ಅಗ್ಗಿಷ್ಟಿಕೆಗೆ ಅವಳು ಆಗಲೇ ಹೊಸ ಇದ್ದಲು ಹಾಕಿದ್ದಳು. ಅದು ಕೆಂಪಗೆ, ಸದ್ದಿಲ್ಲದೆ ಉರಿಯುತ್ತಿತ್ತು. ಅವನು ಸಂತೋಷದಿಂದ ಅಕ್ಕನ ಕಡೆ ತಿರುಗಿದ. ಅವಳು ಬಾಗಿಲ ಚೌಕಟ್ಟಿಗೆ ಹಣೆ ಆನಿಸಿ, ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಹುಬ್ಬಿನ ಕೊನೆಯನ್ನು ಒತ್ತಿಕೊಳ್ಳುತ್ತಿದ್ದಳು. ಮೊಣಕಾಲು ಸಣ್ಣಗೆ ನಡುಗುತ್ತಿತ್ತು. ಅವನಿಗೆ ಮೊದಲು ಹೊಳೆದದ್ದು, ನಾಚಿಕೆಯ ಮಾತು, ನೋವು ತನ್ನನ್ನು ಬಿಟ್ಟು ಅಕ್ಕನಿಗೆ ಹೋಯಿತು ಎಂದು. ಅದರ ಬೆನ್ನಿಗೇ ಒಂದು ಚೂರು ನೆಮ್ಮದಿ, ಹಾಗಾದರೆ ತಪ್ಪು ತನ್ನೊಬ್ಬನದೇ ಆಗಿರಲಿಲ್ಲವೇನೋ ಎಂದು. ಆಮೇಲೆ ಕಣ್ಣು ಅಗ್ಗಿಷ್ಟಿಕೆಯ ಮೇಲೆ ನಿಂತಿತು. ನೆನ್ನೆ ಬಸ್ಸಿನಲ್ಲಿ ನೆನಪಿಗೆ ಬಾರದಿದ್ದ ಕ್ಲೀನರ್ ಈಗ ಬಂದ. ಹೆಸರಿಲ್ಲದ, ಮುಖವಿಲ್ಲದ, ಷೆಡ್ಡಿನ ಬಾಗಿಲು ಹಾಕಿಕೊಂಡು ಮಲಗಿದ ಆ ಕ್ಲೀನರ್. ತನ್ನ ತಲೆಯೊಳಗೆ ಯಾರೂ ಕೂತಿರಲಿಲ್ಲ. ಇಷ್ಟು ದಿನ ತಿಂದದ್ದು ಈ ಕೆಂಡ, ಈ ಮುಚ್ಚಿದ ಕಿಟಕಿ, ತಾನೇ ಕೈಯಾರೆ ಬಾಗಿಲಿಗೆ ಹೊಡೆದ ಈ ಗೋಣಿತಾಟು.

“ಅಕ್ಕ, ತಲೆ ನೋಯ್ತಾ ಅದಾ?”

“ಇಲ್ವಲ್ಲ,” ಎಂದಳು, ತೀರ ಬೇಗ.

“ವಾಂತಿ ಆಯ್ತಾ?”

“ಪಿತ್ತ ಕಣ್ಲಾ. ವಯಸ್ಸಾಯ್ತಲ್ಲ.”

ಮೂಲೆಯಲ್ಲಿ ಬೂದಿ ಹಾಕಿ ಒರೆಸಿದ ಗುರುತಿತ್ತು. ನೆನ್ನೆ ಡಾಕ್ಟರ ಮುಂದೆ ತಾನು ಸುಳ್ಳು ಹೇಳಿದ ಹಾಗೆಯೇ ಅವಳೂ ಈಗ ತನ್ನ ಮುಂದೆ ಹೇಳುತ್ತಿದ್ದಾಳೆ ಎಂದು ಅವನಿಗೆ ತಿಳಿಯಿತು. ನೋವಿದೆ ಎಂದರೆ ತನ್ನನ್ನು ಮತ್ತೆ ಹೊರಗೆ ಹಾಕುತ್ತಾರೆ ಎಂಬ ಭಯ ಅವಳಿಗೆ. ಅವನು ಅವಳ ಕೈ ಹಿಡಿದುಕೊಂಡ.

“ಈಚೀಕ್ ಬಾ. ಅದು ಇದ್ದಲಿಂದು ಕಣಕ್ಕ. ಮುಚ್ಚಿದ ಮನೇಲಿ ಇದ್ದಲು ವಿಷ ಆಯ್ತದಂತೆ. ಡಾಕ್ಟ್ರು ಯೋಳಿದ್ರು. ಸತ್ತೇ ಹೋಯ್ತಾರಂತೆ.”

“ನೆನ್ನೆ ಡಾಕ್ಟ್ರು ಮನಸ್ಸು ಅಂದ್ರು ಅಂದೆ. ಇವತ್ತು ಇದ್ದಲು ಅಂದ್ರು ಅಂತೀಯ. ನಾಳೆ ಏನಂತೀಯ?”

“ಅಕ್ಕ, ನಿಜವಾಗ್ಲೂ.”

“ಆದಿ ಏನಾರ ಅಂದ್ಲಾ?”

ಅವನು ವಿವರಿಸಲು ಹೋದ. ಡಾಕ್ಟರು ಎರಡೂ ಹೇಳಿದ್ದರು, ತಾನು ಒಂದಕ್ಕೆ ಇಲ್ಲ ಎಂದಿದ್ದೆ, ಬೆಂಚಿನ ಮೇಲೆ ಪಾಪಯ್ಯನಿದ್ದ ಎಂದು. ಹೇಳುತ್ತ ಹೋದ ಹಾಗೆ ತನ್ನ ಕಿವಿಗೇ ಅದು ಕಟ್ಟುಕತೆಯ ಹಾಗೆ ಕೇಳಿಸಿತು. ಅವಳು ಅವನ ಮುಖವನ್ನು ನೋಡುತ್ತಿದ್ದಳು, ನಂಬದೆ, ಬಯ್ಯದೆ. ಅವನಿಗೆ ತಾಳ್ಮೆ ತಪ್ಪಿತು. ಅವಳನ್ನು ಎಳೆದ, ಇನ್ನೊಂದು ಕೈಯಿಂದ ಬಾಗಿಲಿಗೆ ಹೊಡೆದಿದ್ದ ಗೋಣಿತಾಟನ್ನು ಕಿತ್ತ. ಮಂಜಿನ ಗಾಳಿ ಒಳಗೆ ನುಗ್ಗಿತು. ತಟ್ಟೆಗಳಲ್ಲಿ ಹುಳಗಳು ತಲೆಯೆತ್ತಿ ಹಾಗೇ ನಿಂತುಬಿಟ್ಟವು, ಮೇಯುವ ಸದ್ದು ಒಂದು ಕ್ಷಣ ಪೂರ್ತಿ ನಿಂತಿತು. ಆ ನಿಶ್ಶಬ್ದ ಇಬ್ಬರಿಗೂ ಕೇಳಿಸಿತು. ಅಂಜಿನಮ್ಮ ಕೈ ಬಿಡಿಸಿಕೊಂಡು ಅವನ ಎದೆಗೆ ಎರಡೂ ಕೈ ಇಟ್ಟು ದೂಡಿದಳು. ಅವಳಲ್ಲಿ ಅಷ್ಟು ಬಲವಿದೆ ಎಂದು ಅವನಿಗೆ ಗೊತ್ತಿರಲಿಲ್ಲ. ಹೊಸ್ತಿಲಾಚೆ ಬಿದ್ದು ಏಳುವಷ್ಟರಲ್ಲಿ ಬಾಗಿಲು ಮುಚ್ಚಿ ಒಳಗಿನ ಅಗಳಿ ಬಿದ್ದಿತ್ತು.

“ಗೂಡು ಕಟ್ಟಿದ ಮ್ಯಾಲೆ ನಾನೇ ಈಚೀಕ್ ಬತ್ತೀನಿ,” ಎಂದಳು ಒಳಗಿಂದ. ದನಿ ಶಾಂತವಾಗಿತ್ತು. “ನನ್ ಕಾಲು ಎಂಥಾದ್ದು ಅಂತ ಊರು ನೋಡ್ಲಿ. ಅಲ್ಲೀಗಂಟ ತೆಗ್ಯಾಕಿಲ್ಲ. ನೀನು ಹೋಗಪ್ಪ.”

ಹೊಸ್ತಿಲ ಸಂದಿಗೆ ಅವಳು ಗೋಣಿ ಮತ್ತೆ ತುರುಕುವುದು ಕೇಳಿಸಿತು. ಅವನು ಕೊಟ್ಟಿಗೆಗೆ ಓಡಿ ಹಾರೆ ತಂದ. ಕಿಟಕಿಗೆ ಇಟ್ಟದ್ದು ಸುಡದ ಇಟ್ಟಿಗೆ, ಬರಿಯ ಮಣ್ಣು. ನಾಲ್ಕು ಏಟಿಗೆ ಉದುರುತ್ತದೆ. ಹಾರೆ ಎತ್ತಿದಾಗ ಆದಿಲಕ್ಷ್ಮಮ್ಮ ಬಂದು ಅವನ ರಟ್ಟೆ ಹಿಡಿದಳು.

“ಏನ್ ಮಾಡ್ತಾ ಇದ್ದೀಯ? ಈ ಮಂಜಿನಾಗೆ ಗೋಡೆ ಒಡುದ್ರೆ ಹಣ್ಣುಹುಳ ಉಳೀತವಾ? ಒಂದೂ ಗೂಡು ಕಟ್ಟಾಕಿಲ್ಲ.”

“ಒಳೀಕೆ ಅಕ್ಕ ಅವ್ಳೆ. ಸತ್ತೋಯ್ತಾಳೆ.”

“ನೀನು ಇಷ್ಟ್ ದಿನ ಅಲ್ಲೇ ಮನೀಕಂಡಿದ್ದೆ. ಸತ್ತೋದ್ಯಾ? ಬಿಸ್ಲು ಏರ್ಲಿ. ಈ ಗೋಡೇಗೆ ಬಿಸ್ಲು ಬಿದ್ ಮ್ಯಾಲೆ ಒಡುದ್ರೆ ಹುಳಕ್ಕೂ ಏನಾಗಾಕಿಲ್ಲ.”

ಅವಳ ಮಾತು ಸರಿಯೆನ್ನಿಸಿತು. ಅದೇ ಭಯಂಕರವಾಗಿತ್ತು, ಅವನ ತಲೆ ಇವತ್ತು ಎಷ್ಟು ಹಗುರವಾಗಿತ್ತೆಂದರೆ ಎಲ್ಲ ಮಾತೂ ಸರಿಯಾಗಿ ಅರ್ಥವಾಗುತ್ತಿತ್ತು. ತಾನು ಇಷ್ಟು ದಿನ ಮಲಗಿ ಬದುಕಿದ್ದೇನೆ, ಅಕ್ಕನಿಗೆ ಇದೊಂದು ಬೆಳಗು. ಈಗ ಒಡೆದರೆ ಹುಳ ಹೋಗುತ್ತದೆ, ಹೋದರೆ ಊರು ಮತ್ತೆ ಅಕ್ಕನ ಕಾಲನ್ನೇ ಅನ್ನುತ್ತದೆ, ಆ ಮಾತನ್ನು ಅವಳು ಇನ್ನೊಂದು ಸಲ ತಡೆಯಲಾರಳು. ಹಾಗಾದರೆ ಕಾಯುವುದೂ ಅವಳಿಗಾಗಿಯೇ. ಮಂಜು ತೆಳುವಾಗುತ್ತಿತ್ತು, ಹುಣಸೆಮರದ ತುದಿಗೆ ಬಿಸಿಲು ತಾಗಿತ್ತು, ಅದು ಗೋಡೆಗೆ ಇಳಿಯಲು ಇನ್ನೆಷ್ಟು ಹೊತ್ತು. ಅವಳು ಮಾತಾಡುತ್ತಿರುವವರೆಗೆ ಏನೂ ಭಯವಿಲ್ಲ ಎಂದುಕೊಂಡ. ಹಾರೆಯನ್ನು ಊರಿಕೊಂಡು, ಇಟ್ಟಿಗೆಗೆ ಬಾಯಿ ಹತ್ತಿರ ತಂದು ಕೂಗಿದ.

“ಅಕ್ಕ.”

“ಇವ್ನಿ ಕಣ್ಲಾ.”

“ತಲೆ ಹೆಂಗದೆ?”

“ಚೆನ್ನಾಗದೆ. ಮ್ಯಾಲೇರ್ತಾ ಅವೆ.”

ಆದಿಲಕ್ಷ್ಮಮ್ಮ ಹಾಲು ಕರೆಯಲು ಹೋದಳು. ಅವನು ಬಿಸಿಲನ್ನು ನೋಡಿದ, ಗೋಡೆಯನ್ನು ನೋಡಿದ. ಹುಣಸೆಯ ಅರ್ಧ ಮರ ಬೆಳಗಿತ್ತು. ಇಂಥ ಬೆಳಗಿನಲ್ಲಿ ಅಕ್ಕ ತನ್ನನ್ನು ಬಿಸಿಲಿನಲ್ಲಿ ಕೂರಿಸಿ ತಲೆಗೆ ಎಣ್ಣೆ ಹಚ್ಚುತ್ತಿದ್ದಳು, ಅಲುಗಾಡಬೇಡ ಎಂದು ಕತ್ತು ಹಿಡಿಯುತ್ತಿದ್ದಳು. ಮತ್ತೆ ಕೂಗಿದ. ಅಕ್ಕ ಹೂಂ ಎಂದಳು. ಆ ಹೂಂ ನಿದ್ದೆಯಿಂದ ಬಂದ ಹಾಗಿತ್ತು, ಆದರೆ ಬಂದಿತ್ತು. ರಾತ್ರಿಯೆಲ್ಲ ಸೊಪ್ಪು ಹಾಕಿದವಳು, ನಿದ್ದೆ ಬರುವುದು ಸಹಜವೇ. ಬಿಸಿಲು ಬೇಲಿಗೆ ಬಂತು. ಬೇಲಿಯಿಂದ ಗೋಡೆಗೆ ಒಂದು ಮಾರು ದೂರವಿರಬಹುದು.

“ಅಕ್ಕ.”

ಒಳಗಿಂದ ಹುಳಗಳ ಸದ್ದು ಬರುತ್ತಿತ್ತು. ತಣ್ಣನೆಯ ಗಾಳಿಗೆ ನಿಂತದ್ದು ಯಾವಾಗಲೋ ಮತ್ತೆ ಶುರುವಾಗಿತ್ತು, ಸಣ್ಣಗೆ, ಒಂದೇ ಸಮನೆ. ಅವನು ಕಿವಿಯನ್ನು ಇಟ್ಟಿಗೆಗೆ ಒತ್ತಿ, ಆ ಸದ್ದಿನ ನಡುವೆ ಇನ್ನೊಂದು ಸದ್ದಿಗಾಗಿ ಹುಡುಕಿದ. ಇರಲಿಲ್ಲ. ಬೆನ್ನು ನೆಟ್ಟಗೆ ಮಾಡಿದ. ಬಿಸಿಲು ಇನ್ನೂ ಗೋಡೆ ಮುಟ್ಟಿರಲಿಲ್ಲ. ಹಾರೆ ಎತ್ತುವ ಮೊದಲು ಮುತ್ತರಾಯಪ್ಪ ಇನ್ನೊಂದು ಸಲ ಕೂಗಿ ನೋಡಿದ.